ಪಿಯಾನೊ ಕಛೇರಿಗೆ ರಂಗದ ಮೆರುಗು

ಯಕ್ಷಗಾನ ನೋಡಿ ಬೆಳೆದ ಕಾಸರಗೋಡಿನವರಿಗೆ ವೇಷ, ಬೆಳಕಿನ ಬಲ ಹೇಳಿಕೊಡಬೇಕಿಲ್ಲ. ಪಿಯಾನೊಗೂ ಅದು ಬೇಕು, ಹಿತಮಿತವಾಗಿ.

ಮೊದಲು ವಾದ್ಯದ ದಿಕ್ಕು. ನುಡಿಸುವವರ ಬಲಮಗ್ಗುಲು ಸಭೆಯ ಕಡೆಗಿರಲಿ. ಗ್ರ್ಯಾಂಡ್ ಪಿಯಾನೊದ ಮುಚ್ಚಳ ಆ ಕಡೆಗೇ ತೆರೆದು ನಾದವನ್ನು ಸಭೆಯತ್ತ ಕಳಿಸುತ್ತದೆ. ಡಿಜಿಟಲ್ ಆದರೂ ಹೀಗೇ ಇಡಿ. ಬೆರಳು ಕಾಣದಿದ್ದರೆ ಅರ್ಧ ಸೊಗಸು ಹೋಯಿತು.

ಬೆಳಕಿನಲ್ಲೇ ಹೆಚ್ಚು ತಪ್ಪಾಗುವುದು. ಬೆನ್ನ ಹಿಂದಿನಿಂದ ಒಂದೇ ದೀಪ ಹಾಕಿದರೆ ಕೈನೆರಳು ಕೀಗಳ ಮೇಲೆ ಬೀಳುತ್ತದೆ. ಎಡಬಲದಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿ ಎರಡು ಹಳದಿ ದೀಪ ಸಾಕು. ಕೆಂಪು ಬೆಳಕು ಬೇಡವೇ ಬೇಡ: ಸ್ವರಪುಸ್ತಕದಲ್ಲಿ ಯಾವ ಸ್ವರಕ್ಕೆ ಯಾವ ಬೆರಳು ಎಂದು ಕೆಂಪು ಪೆನ್ಸಿಲಿನಿಂದ ಬರೆದ ಗುರುತು ಅದರಡಿ ಮಾಯವಾಗುತ್ತದೆ. ಬಣ್ಣ ಬದಲಿಸುವುದಿದ್ದರೆ ಹಿಂದಿನ ಪರದೆಯ ಮೇಲೆ ಮಾತ್ರ, ಅದೂ ಎರಡು ಕೃತಿಗಳ ನಡುವೆ.

ಕಪ್ಪು ಪರದೆಯೆದುರು ಕಪ್ಪು ಉಡುಪು ಕರಗಿಹೋಗುತ್ತದೆ. ಕಡುಗೆಂಪು, ಗಿಳಿಹಸಿರು ಎದ್ದು ಕಾಣುತ್ತವೆ. ಸೀರೆಯಾದರೆ ಸೆರಗನ್ನು ಭುಜಕ್ಕೆ ಪಿನ್ ಮಾಡಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ. ಇಲ್ಲವಾದರೆ ಬೆಂಚು ಸರಿಸುವಾಗ ಅದು ಕಾಲಡಿಗೆ ಸಿಕ್ಕಿಬಿಡುತ್ತದೆ. ಬಳೆ, ವಾಚು ತೆಗೆದಿಡಿ, ಮೈಕಿಗೆ ಕೇಳುತ್ತದೆ. ಉಡುಪಿನ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲಿರಲಿ. ದಪ್ಪ ಅಡಿಯ ಚಪ್ಪಲಿಯಲ್ಲಿ ಪೆಡಲ್‌ನ ಹಿಡಿತ ಸಿಗದು.

ಕರಾವಳಿಯ ಸೆಕೆಗೆ ಬೆರಳು ಬೆವರಿ ಜಾರುತ್ತದೆ. ಹತ್ತಿಯ ಕರವಸ್ತ್ರ ಎಡಗಡೆ ಇರಲಿ. ಫ್ಯಾನಿನ ಗಾಳಿ ಬೆನ್ನಿಗೆ ಬೀಳಲಿ, ಹಾಳೆಗಲ್ಲ. ಅದೇ ಉಡುಪು, ಅದೇ ದೀಪದಲ್ಲಿ ಎರಡು ಸಲವಾದರೂ ಪೂರ್ತಿ ನುಡಿಸಿ ನೋಡಿ.