ಹಳೆಯ ಬೈಕಿಗೆ ಅಲಾಯ್ ಚಕ್ರ: ಅಳತೆ ಮೊದಲು, ಸ್ಪ್ಯಾನರ್ ಆಮೇಲೆ

ಹಳೆಯ ಮೋಟಾರ್ ಸೈಕಲ್ಲಿನ ಕಡ್ಡಿ ಚಕ್ರಗಳನ್ನು ಕಳಚಿ ಹೊಸ ಕಾಲದ ಅಲಾಯ್ ಚಕ್ರಗಳನ್ನು ಕೂರಿಸುವವರಲ್ಲಿ ಹೆಚ್ಚಿನವರು ಆಕ್ಸೆಲ್ (ಚಕ್ರದ ಅಚ್ಚು) ತೂರಿ ಚಕ್ರ ತಿರುಗಿದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಕೆಲವೇ ದಿನಗಳಲ್ಲಿ ಬೇರಿಂಗ್ ಗೊರಗುಟ್ಟತೊಡಗುತ್ತದೆ, ನೇರ ರಸ್ತೆಯಲ್ಲೂ ಬೈಕ್ ಒಂದು ಬದಿಗೆ ಎಳೆಯುತ್ತದೆ. ದೋಷ ಸಾಮಾನ್ಯವಾಗಿ ಚಕ್ರದ್ದಾಗಿರುವುದಿಲ್ಲ. ಬೇರಿಂಗ್, ಅವುಗಳ ನಡುವಿನ ಸ್ಪೇಸರ್ ಕೊಳವೆ ಮತ್ತು ಚಕ್ರದ ಎರಡೂ ಬದಿಗೆ ಆಕ್ಸೆಲ್ ಮೇಲೆ ಹಾಕುವ ಬುಷ್ ಎಂಬ ತುಂಡು ಕೊಳವೆಗಳ ಅಳತೆಯದ್ದಾಗಿರುತ್ತದೆ.

ಚಕ್ರವನ್ನು ಆರಿಸುವಾಗ ಯಾವುದಾದರೂ ಕಂಪನಿಯ ಬೈಕಿನಲ್ಲಿ ಬಂದ ಮೂಲ ಚಕ್ರವನ್ನೇ ಕೊಳ್ಳಿ. ತಯಾರಕರ ಗುರುತಿಲ್ಲದ ಅಗ್ಗದ ಎರಕವನ್ನಾಗಲಿ, ಬಿರುಕಿಗೆ ವೆಲ್ಡಿಂಗ್ ಹಾಕಿದ ಚಕ್ರವನ್ನಾಗಲಿ ಉಚಿತವಾಗಿ ಕೊಟ್ಟರೂ ಮುಟ್ಟಬೇಡಿ. ಬಳಸಿದ ಚಕ್ರವಾದರೆ ತಿರುಗಿಸಿ ನೋಡಿ. ರಿಮ್‌ನ ಓಲಾಟ 2 ಮಿ.ಮೀ. ಮೀರಿದ್ದರೆ ಬಿಟ್ಟುಬಿಡಿ.

ಗಾತ್ರದ ಲೆಕ್ಕ ಸುಲಭ. ಹಳೆಯ ಚಕ್ರದಲ್ಲಿ 3.25-19 ಟೈರ್ ಇದೆ ಎಂದುಕೊಳ್ಳಿ (ಕೊನೆಯ ಅಂಕಿ ರಿಮ್‌ನ ವ್ಯಾಸ, ಇಂಚಿನಲ್ಲಿ). ಅದರ ಹೊರವ್ಯಾಸ ಸುಮಾರು 650 ಮಿ.ಮೀ., 100/90-18ರದ್ದು ಸುಮಾರು 637. ಈ ಬದಲಾವಣೆಯನ್ನು ಬೈಕ್ ಸಹಿಸಿಕೊಳ್ಳುತ್ತದೆ. 100/80-17ಕ್ಕೆ ಇಳಿದರೆ ವ್ಯಾಸ 592ಕ್ಕೆ ಬರುತ್ತದೆ, ಬೈಕ್ ಸುಮಾರು 29 ಮಿ.ಮೀ. ಕುಗ್ಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಅದು ಬೇಕಾದಷ್ಟು ವಾಲದೆ ನೆಟ್ಟಗೇ ನಿಲ್ಲುತ್ತದೆ. ನೋಟಕ್ಕೂ ಸವಾರಿಗೂ 18 ಇಂಚೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಬೇರಿಂಗ್. ಹೊಸ ಚಕ್ರದ ಆಕ್ಸೆಲ್ ರಂಧ್ರ ನಿಮ್ಮ ಹಳೆಯ ಆಕ್ಸೆಲ್‌ಗಿಂತ ದೊಡ್ಡದಾಗಿರುವುದು ಸಾಮಾನ್ಯ. ಆಗ ತಗಡು ಸುತ್ತಿ ಆಕ್ಸೆಲ್ ದಪ್ಪ ಮಾಡುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಬೇರಿಂಗಿನ ಸಂಖ್ಯೆ ಓದಿದರೆ ದಾರಿ ಅಲ್ಲಿಯೇ ಇರುತ್ತದೆ: 6204ರ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ.; 6303ರ ಹೊರವ್ಯಾಸ ಮತ್ತು ಅಗಲ ಅಷ್ಟೇ, ಒಳವ್ಯಾಸ ಮಾತ್ರ 17. ಹೀಗಾಗಿ 17ರ ಆಕ್ಸೆಲ್‌ಗೆ ಹಬ್ಬನ್ನು (ಬೇರಿಂಗ್ ಕೂರುವ ಚಕ್ರದ ನಡುಭಾಗವನ್ನು) ಮುಟ್ಟದೆಯೇ ಹೊಂದಿಸಬಹುದು. 6004 ಇದ್ದಲ್ಲಿ 15ರ ಆಕ್ಸೆಲ್‌ಗೆ 6302 ಕೂರುತ್ತದೆ. ಹೊರವ್ಯಾಸ ಎರಡಕ್ಕೂ 42, ಆದರೆ ಅಗಲ 12ರ ಬದಲು 13. ಆ ಒಂದು ಮಿಲಿಮೀಟರನ್ನು ಮುಂದಿನ ಲೆಕ್ಕದಲ್ಲಿ ಮರೆಯುವಂತಿಲ್ಲ.

ಎರಡು ಬೇರಿಂಗ್‌ಗಳ ನಡುವಿನ ಸ್ಪೇಸರ್ ಕೊಳವೆಯನ್ನು ಹೊಸ ಆಕ್ಸೆಲ್ ಅಳತೆಗೆ ಲೇತ್‌ನಲ್ಲಿ ಕಡೆಸಿಕೊಳ್ಳಬೇಕು. ಅದರ ಉದ್ದ ಹಬ್‌ನೊಳಗೆ ಬೇರಿಂಗ್‌ಗಳು ತಾಗಿ ನಿಲ್ಲುವ ಎರಡು ಮೆಟ್ಟಿಲುಗಳ ಅಂತರಕ್ಕಿಂತ ಕೂದಲೆಳೆಯಷ್ಟು, ಅಂದರೆ 0.1 ಮಿ.ಮೀ. ಆಸುಪಾಸು, ಹೆಚ್ಚಿರಲಿ. ಕಡಿಮೆಯಾದರೆ ನಟ್ ಬಿಗಿದಂತೆಲ್ಲ ಒಳರೇಸ್‌ಗಳು (ಬೇರಿಂಗಿನ ಒಳ ಉಂಗುರಗಳು) ಪರಸ್ಪರ ಸೆಳೆಯಲ್ಪಟ್ಟು ಗುಂಡುಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ, ಬೇರಿಂಗ್ ಬೇಗ ಸಾಯುತ್ತದೆ. ಹಬ್ಬನ್ನು ಬಿಸಿಗಾಳಿಯಿಂದ ಕಾಯಿಸಿ, ಹೊರರೇಸ್‌ನ ಮೇಲಷ್ಟೇ ಒತ್ತಿ ಮೊದಲ ಬೇರಿಂಗನ್ನು ಮೆಟ್ಟಿಲಿಗೆ ತಾಗುವವರೆಗೆ ಕೂರಿಸಿ; ಸ್ಪೇಸರ್ ಇಳಿಸಿ; ಎರಡನೆಯದನ್ನು ಅದರ ಒಳರೇಸ್ ಸ್ಪೇಸರಿಗೆ ತಾಗಿದೊಡನೆ ನಿಲ್ಲಿಸಿ. ಸ್ಪೇಸರ್ ಹಾಕುವುದನ್ನೇ ಮರೆತು ಎರಡನ್ನೂ ಬಡಿದು ಕೂರಿಸಿದವರೂ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ರಿಮ್ಮನ್ನು ನಡುವಿಗೆ ತರುವ ಹಂತ. ಹಬ್‌ನ ನಡು ರಿಮ್‌ನ ನಡುವೇ ಆಗಿರಬೇಕೆಂದಿಲ್ಲವಾದ್ದರಿಂದ ಎರಡೂ ಬದಿಗೆ ಸಮನಾದ ಬುಷ್ ಹಾಕುವುದು ತಪ್ಪು. ಒಂದು ನೇರ ಪಟ್ಟಿಯನ್ನು ಬೇರಿಂಗಿನ ಒಳರೇಸ್ ಮೇಲೆ ಅಡ್ಡಲಾಗಿ ಇಟ್ಟು, ಪಟ್ಟಿಯಿಂದ ರಿಮ್ ಅಂಚಿನವರೆಗಿನ ಅಂತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಹಬ್‌ನ ಬೇರೆ ಭಾಗ ಅಡ್ಡ ಬಂದರೆ ರೇಸ್ ಮೇಲೆ ಗೊತ್ತಿರುವ ದಪ್ಪದ ಬುಷ್ ಇಟ್ಟು, ಆ ದಪ್ಪವನ್ನು ಆಮೇಲೆ ಕಳೆಯಿರಿ. ಉದಾಹರಣೆಗೆ ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಕಾಲುಗಳ ನಡುವೆ 150 ಮಿ.ಮೀ., ಒಳರೇಸ್‌ಗಳ ಹೊರಮುಖಗಳ ನಡುವೆ 100 ಮಿ.ಮೀ. ಇದ್ದರೆ ಎರಡೂ ಬುಷ್‌ಗಳಿಗೆ ಒಟ್ಟು 50 ಉಳಿಯುತ್ತದೆ. ಪಟ್ಟಿಯ ಅಂತರ ಎಡಕ್ಕೆ 16, ಬಲಕ್ಕೆ 24 ಬಂದರೆ ರಿಮ್ ಹಬ್‌ನ ನಡುವಿಗಿಂತ 4 ಮಿ.ಮೀ. ಎಡಕ್ಕಿದೆ ಎಂದರ್ಥ, ಆದ್ದರಿಂದ ಎಡಗಡೆ 29, ಬಲಗಡೆ 21ರ ಬುಷ್ ಬೇಕು. ತಾಳೆ ನೋಡಿ: 29ಕ್ಕೆ 16 ಕೂಡಿಸಿದರೂ 21ಕ್ಕೆ 24 ಕೂಡಿಸಿದರೂ 45. ಬುಷ್‌ಗಳು ಉಕ್ಕಿನವಾಗಿರಲಿ, ತುದಿಗಳು ಚೌಕವಾಗಿ ಕಡೆದಿರಲಿ. ವಾಷರ್ ಮೇಲೆ ವಾಷರ್ ಪೇರಿಸಿದ್ದು ಬುಷ್ ಆಗುವುದಿಲ್ಲ.

ಹಿಂದಿನ ಚಕ್ರಕ್ಕೂ ಇದೇ ಕ್ರಮ, ಆದರೆ ಅಲ್ಲಿ ಚೈನ್ ಕೂಡ ಒಂದು ಪಕ್ಷ. ಮೊದಲು ರಿಮ್ಮನ್ನು ನಡುವಿಗೆ ತನ್ನಿ, ಅನಂತರ ಹಿಂದಿನ ಸ್ಪ್ರಾಕೆಟ್ಟನ್ನು (ಚೈನ್ ಸುತ್ತುವ ಹಲ್ಲುಚಕ್ರವನ್ನು) ಎಂಜಿನ್ ಸ್ಪ್ರಾಕೆಟ್ಟಿನ ನೇರಕ್ಕೆ ತನ್ನಿ. ಚೈನ್ ಸರಿಬರಲೆಂದು ರಿಮ್ಮನ್ನು ಸರಿಸಬೇಡಿ. ಎಂಜಿನ್ ಕಡೆ 428 ಚೈನಿನ ಸ್ಪ್ರಾಕೆಟ್ ಇದ್ದು ಹೊಸ ಚಕ್ರದಲ್ಲಿ 520ರದ್ದು ಇದ್ದರೆ ಹಲ್ಲುಗಳ ಅಂತರವೇ ಬೇರೆಯಾದ್ದರಿಂದ ಒಂದನ್ನು ಬದಲಿಸಲೇಬೇಕು.

ಡ್ರಮ್ ಬ್ರೇಕ್ ಉಳಿಸಿಕೊಳ್ಳುವುದಾದರೆ ಬ್ರೇಕ್ ಪ್ಲೇಟಿನ ಹಿಡಿಕೆ ಫೋರ್ಕಿನ ಲಗ್ಗಿಗೆ (ಕಾಲಿನಿಂದ ಚಾಚಿದ ಗೂಟಕ್ಕೆ) ಅಥವಾ ಟಾರ್ಕ್ ಆರ್ಮಿಗೆ (ಪ್ಲೇಟ್ ತಿರುಗದಂತೆ ತಡೆಯುವ ಸರಳಿಗೆ) ಗಟ್ಟಿಯಾಗಿ ಸಿಕ್ಕಿದೆಯೇ ಎಂದು ನೋಡದೆ ಬೈಕ್ ಹತ್ತಬೇಡಿ. ಅದು ಸಡಿಲವಿದ್ದರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದೊಡನೆ ತಿರುಗಿ, ಕೇಬಲ್ ಕಿತ್ತು ಚಕ್ರ ಹಿಡಿದುಕೊಳ್ಳುತ್ತದೆ. ಡಿಸ್ಕ್ ಬೇಕೆಂದರೆ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಕೂರಿಸುವ ಲಗ್ ಇರುವ ಫೋರ್ಕನ್ನೇ ಹಾಕಿಸಿ. ಹಳೆಯ ಫೋರ್ಕ್ ಕಾಲಿಗೆ ಲಗ್ ವೆಲ್ಡ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಚಕ್ರದ ಮೇಲೆ ಟ್ಯೂಬ್‌ಲೆಸ್ ಗುರುತು ಇಲ್ಲದಿದ್ದರೆ ಟ್ಯೂಬ್ ಹಾಕಿ. ಟೈರ್ ಮಡ್‌ಗಾರ್ಡಿಗೂ ಚೈನಿಗೂ ತಾಗದಿರುವುದನ್ನು ಸಸ್ಪೆನ್ಷನ್ ಪೂರ್ತಿ ಒತ್ತಿ ನೋಡಿ. ಆಕ್ಸೆಲ್ ನಟ್ ಬಿಗಿದ ಮೇಲೆಯೂ ಚಕ್ರ ಬಿಗಿಯುವ ಮುನ್ನ ತಿರುಗುತ್ತಿದ್ದಷ್ಟೇ ಹಗುರವಾಗಿ ತಿರುಗಬೇಕು. ಇಲ್ಲವಾದರೆ ಒಳಗಿನ ಸ್ಪೇಸರನ್ನು ಮತ್ತೆ ಅಳೆಯಿರಿ. ಮೊದಲ ಸವಾರಿ ಹತ್ತು ಕಿಲೋಮೀಟರ್ ಮೀರದಿರಲಿ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ, ಇಳಿದೊಡನೆ ಹಬ್‌ನ ನಡುವಿಗೆ ಕೈಯಿಟ್ಟು ನೋಡಿ. ಬ್ರೇಕ್ ಇಲ್ಲದ ಬದಿಯೂ ಬಿಸಿಯಾಗಿದ್ದರೆ ಚಕ್ರವನ್ನು ಮತ್ತೆ ಬಿಚ್ಚಬೇಕು. ಎಲ್ಲವೂ ಸರಿಯಿದ್ದರೆ ಆಕ್ಸೆಲ್ ನಟ್ ಮತ್ತು ಸ್ಪ್ರಾಕೆಟ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿ.