ಬೊಲೋನ್ಯಾದಲ್ಲಿ ನಾನು ನೆಲೆಯೂರಿದ ಬಗೆ

ಇಟಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರಿಗೆ ಬೊಲೋನ್ಯಾ ರೈಲು ಬದಲಿಸುವ ಊರು ಅಷ್ಟೆ. ವೇಗದ ರೈಲು ಹತ್ತಿದರೆ ಫ್ಲಾರೆನ್ಸ್ ಸುಮಾರು ನಲವತ್ತು ನಿಮಿಷ, ಮಿಲಾನ್ ಒಂದು ಗಂಟೆ. ಹಾಗಾಗಿ ಇಲ್ಲಿ ಇಳಿಯುವ ಮನಸ್ಸು ಮಾಡುವವರು ಕಡಿಮೆ. ನಾನು ಸ್ನಾತಕೋತ್ತರ ಓದಿಗೆಂದು ಬಂದು, ಕೆಲಸ ಸಿಕ್ಕ ಮೇಲೆ ಇಲ್ಲೇ ಉಳಿದವಳು. ಬರಲಿರುವವರಿಗೆ ನಾನು ಮೊದಲು ಹೇಳುವುದು ಮನೆಯ ಕರಾರಿನ ವಿಚಾರ, ಏಕೆಂದರೆ ಉಳಿದ ಕಾಗದಗಳೆಲ್ಲ ಅದಕ್ಕೇ ಜೋತುಬಿದ್ದಿರುತ್ತವೆ.

ಸುಮಾರು ನಾಲ್ಕು ಲಕ್ಷ ಜನರ ಊರಿಗೆ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳ ದಂಡೇ ಬಂದಿಳಿಯುತ್ತದೆ. ಆ ಹೊತ್ತಿಗೆ ಕೋಣೆ ಸಿಗುವುದು ಕಷ್ಟ. ನಾನು ನಮ್ಮೂರಿನಲ್ಲಿದ್ದಾಗಲೇ ಹುಡುಕಾಟ ಶುರುಮಾಡಿದ್ದೆ, ಆದರೆ ಕಣ್ಣಾರೆ ನೋಡದ ಮನೆಗೆ ಮುಂಗಡ ಕಳಿಸಲಿಲ್ಲ. ಮೊದಲ ಕೆಲವು ವಾರಗಳಿಗೆ ತಾತ್ಕಾಲಿಕ ವಸತಿ ಹಿಡಿದು, ಬಂದ ಮೇಲೆ ಒಂದೊಂದೇ ಮನೆ ನೋಡಿದೆ. ಮನೆಯೊಡೆಯರೊಬ್ಬರು ಕರಾರು ಬೇಡವೆಂದರೆ ಬಾಡಿಗೆ ಕಡಿಮೆ ಮಾಡುತ್ತೇನೆಂದರು. ನಾನು ಒಪ್ಪಲಿಲ್ಲ. ಕರಾರನ್ನು ಮೂವತ್ತು ದಿನಗಳೊಳಗೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಬೇಕು; ಆ ನೋಂದಣಿಯ ಪ್ರತಿ ಕೈಯಲ್ಲಿಲ್ಲದಿದ್ದರೆ ನಗರಪಾಲಿಕೆಯಲ್ಲಿ ನಿವಾಸಿ ಎಂದು ಹೆಸರು ಬರೆಸುವಾಗ ಪರದಾಡಬೇಕಾಗುತ್ತದೆ.

ಮನೆ ಹುಡುಕುತ್ತಲೇ ಕೋದಿಚೆ ಫಿಸ್ಕಾಲೆ ಮಾಡಿಸಿಕೊಂಡೆ. ಹದಿನಾರು ಅಕ್ಷರ ಮತ್ತು ಅಂಕಿಗಳ ತೆರಿಗೆ ಸಂಖ್ಯೆ ಅದು. ತೆರಿಗೆ ಇಲಾಖೆಯ ಕಚೇರಿಯಲ್ಲಿ ಉಚಿತವಾಗಿ ಕೊಡುತ್ತಾರೆ. ಬಾಡಿಗೆ, ಬ್ಯಾಂಕ್ ಖಾತೆ, ಸಿಮ್ ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಇನ್ನು ವಾಸದ ಪರವಾನಗಿ, ಅಂದರೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊ. ದೇಶಕ್ಕೆ ಬಂದ ಎಂಟು ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ‘ಸ್ಪೋರ್ತೆಲ್ಲೊ ಅಮೀಕೊ’ ಎಂಬ ಕೌಂಟರ್ ಇರುವ ಅಂಚೆ ಕಚೇರಿಯಲ್ಲಿ ಅರ್ಜಿಯ ಲಕೋಟೆ ಸಿಗುತ್ತದೆ. ‘ಟಿ’ ಫಲಕವಿರುವ ತಂಬಾಕಿನ ಅಂಗಡಿಯಲ್ಲಿ 16 ಯೂರೊ ಸ್ಟಾಂಪ್ ಕೊಂಡು ಅಂಟಿಸಿ, ಪಾಸ್‌ಪೋರ್ಟಿನ ಪ್ರತಿಗಳೊಂದಿಗೆ ಅಲ್ಲಿಯೇ ಕೊಟ್ಟರೆ ರಸೀದಿಯನ್ನೂ ಪೊಲೀಸ್ ಕಚೇರಿಗೆ ಬೆರಳಚ್ಚು ಕೊಡಲು ಹೋಗುವ ದಿನಾಂಕವನ್ನೂ ಕೊಡುತ್ತಾರೆ. ಕಾರ್ಡ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಆ ರಸೀದಿಯೇ ಆಧಾರ. ವೀಸಾ ಅವಧಿ ಮುಗಿದು ಬರೀ ರಸೀದಿ ಉಳಿದಿರುವಾಗ ಊರಿಗೆ ಹೋಗುವುದಾದರೆ ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಟಿಕೆಟ್ ಕೊಳ್ಳಬೇಡಿ; ಬರೀ ರಸೀದಿ ಹಿಡಿದು ಇಟಲಿಯ ಹಾಗೆ ಷೆಂಗೆನ್ ಒಪ್ಪಂದದಲ್ಲಿರುವ ಬೇರೆ ದೇಶಗಳ ಮೂಲಕ ಹಾಯುವಂತಿಲ್ಲ. ದುಬೈ ಮೂಲಕ ಹೋಗಿ.

ಮನೆಯೊಳಗೂ ಕಲಿಯಬೇಕಾದದ್ದಿದೆ. ಸಾಮಾನ್ಯ ಮನೆಗಳ ವಿದ್ಯುತ್ ಮಿತಿ ಮೂರು ಕಿಲೋವಾಟ್. ಬಟ್ಟೆ ಯಂತ್ರ, ಓವನ್, ನೀರು ಕಾಯಿಸುವ ಕೆಟಲ್ ಒಟ್ಟಿಗೆ ಹಾಕಿದರೆ ಇಡೀ ಮನೆ ಕತ್ತಲಾಗುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ರೇಡಿಯೇಟರ್ ಬಿಸಿಯಾಗುವುದು ಕಾನೂನಿನ ಪ್ರಕಾರ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ. ಅಕ್ಟೋಬರ್ ಮೊದಲ ವಾರದ ಚಳಿಗೆ ದಪ್ಪ ಹೊದಿಕೆಯೇ ಗತಿ.

ಸಸ್ಯಾಹಾರಿಗಳು ಇಲ್ಲಿ ಕಣ್ಣು ತೆರೆದಿರಬೇಕು. ಊರಿನ ಹೆಮ್ಮೆಯ ತೊರ್ತೆಲ್ಲೀನಿ ಎಂಬ ಹೂರಣದ ಪಾಸ್ತಾದೊಳಗೆ ಹಂದಿಮಾಂಸವಿರುತ್ತದೆ. ಅದರ ದೊಡ್ಡಣ್ಣನಂತಿರುವ ತೊರ್ತೆಲ್ಲೋನಿಯಲ್ಲಿ ಸಾಮಾನ್ಯವಾಗಿ ರಿಕೋತ್ತಾ ಗಿಣ್ಣು ಮತ್ತು ಸೊಪ್ಪು ಇರುತ್ತದೆ, ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಬಾಡಿಸಿ ಕೊಡುತ್ತಾರೆ, ಬಹಳ ರುಚಿ. ಪಿಯಾದೀನ ರೊಟ್ಟಿಯನ್ನು ಹಂದಿಯ ಕೊಬ್ಬು ಹಾಕಿಯೂ ನಾದುತ್ತಾರೆ, ಆದ್ದರಿಂದ ಎಣ್ಣೆಯದ್ದು, ‘ಅಲ್ಲೋಲಿಯೊ’, ಎಂದು ಕೇಳಿ ಪಡೆಯಿರಿ. ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿಗೆ ಹಾಲನ್ನು ಗಟ್ಟಿಮಾಡುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಕಡ್ಡಾಯ. ತಿನ್ನುವುದು ಬಿಡುವುದು ಅವರವರ ನಿರ್ಧಾರ, ತಿಳಿದಿರಲಿ ಎಂದು ಹೇಳಿದೆ. ಅಡುಗೆಗೆ ಮಾತ್ರ ಕೊರತೆಯಿಲ್ಲ. ಯಾವುದೇ ಸೂಪರ್ ಮಾರ್ಕೆಟ್ಟಿನಲ್ಲಿ ಸೆಮೊಲೀನೊ, ಅಂದರೆ ರವೆ, ಸಿಗುತ್ತದೆ, ಒಳ್ಳೆಯ ಉಪ್ಪಿಟ್ಟಾಗುತ್ತದೆ. ‘ಫಾರೀನಾ ದಿ ಚೇಚಿ’ ಅಂದರೆ ಕಡಲೆಹಿಟ್ಟು. ಉದ್ದಿನಬೇಳೆ, ಹುಣಸೆಹಣ್ಣಿಗೆ ನಾನು ರೈಲು ನಿಲ್ದಾಣದ ಹಿಂದಿನ ಬೊಲೊನ್ಯೀನಾ ಬಡಾವಣೆಯ ಏಷ್ಯಾದ ಅಂಗಡಿಗಳಿಗೆ ಹೋಗುತ್ತೇನೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಲು ಪಾತ್ರೆಯನ್ನು ರೇಡಿಯೇಟರ್ ಪಕ್ಕದಲ್ಲಿಡುವುದು ನನ್ನ ಕ್ರಮ.

ಓಡಾಟಕ್ಕೆ ಕಾರು ಬೇಡ. ಹಳೆಯ ಊರಿನೊಳಗೆ ಪರವಾನಗಿಯಿಲ್ಲದ ಕಾರು ಹೊಕ್ಕರೆ ಕ್ಯಾಮೆರಾ ಹಿಡಿದು ದಂಡ ಮನೆಗೆ ಬರುತ್ತದೆ. ವಿಮಾನ ನಿಲ್ದಾಣದಿಂದ ಮಾರ್ಕೋನಿ ಎಕ್ಸ್‌ಪ್ರೆಸ್ ಎಂಬ ಮೊನೊರೈಲು ಏಳೆಂಟು ನಿಮಿಷಗಳಲ್ಲಿ ರೈಲು ನಿಲ್ದಾಣ ತಲುಪಿಸುತ್ತದೆ. ಅಲ್ಲಿಂದ ಮುಂದೆ ನಡಿಗೆಯೇ ಸರಿ. ಒಟ್ಟು 62 ಕಿಲೋಮೀಟರ್ ಉದ್ದದ ಕಮಾನು ಮೊಗಸಾಲೆಗಳು ಈ ಊರಿನಲ್ಲಿವೆ. 2021ರಲ್ಲಿ ಯುನೆಸ್ಕೊ ಅವುಗಳಲ್ಲಿ ಆಯ್ದ ಕೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಯಲ್ಲಿ ಕೊಡೆಯಿಲ್ಲದೆ ತರಗತಿಗೆ ಹೋಗಿಬಂದ ನನಗೆ ಅವುಗಳ ಮೇಲಿರುವ ಪ್ರೀತಿ ದೊಡ್ಡದು.

ಬರೀ ನೋಡಲು ಬರುವವರು ಎರಡು ರಾತ್ರಿಯಾದರೂ ಉಳಿಯಿರಿ. ಸಾನ್ ಪೆತ್ರೋನಿಯೊ ಚರ್ಚಿನ ನೆಲದ ಮೇಲೆ ಖಗೋಳ ವಿಜ್ಞಾನಿ ಕಸೀನಿ 1655ರಲ್ಲಿ ಎಳೆದ ಗೆರೆಯಿದೆ. ಬಿಸಿಲಿರುವ ದಿನ ಮಧ್ಯಾಹ್ನ ಛಾವಣಿಯ ರಂಧ್ರದಿಂದ ಬೀಳುವ ಸೂರ್ಯನ ಬಿಂಬ ಅದನ್ನು ದಾಟುವುದನ್ನು ನೋಡಬೇಕು. ಪಕ್ಕದ ಸಾಲಾಬೋರ್ಸಾ ಗ್ರಂಥಾಲಯದ ಗಾಜಿನ ನೆಲದಡಿ ರೋಮನ್ ಕಾಲದ ಅವಶೇಷಗಳಿವೆ. ಇನ್ನೊಂದು ಬೆಳಿಗ್ಗೆ ಸರಗೋತ್ಸಾ ಬಾಗಿಲಿನಿಂದ ಸಾನ್ ಲೂಕಾ ಗುಡ್ಡಕ್ಕೆ 666 ಕಮಾನುಗಳ ಕೆಳಗೆ ನಡೆಯಿರಿ. ಕೊನೆಯ ಭಾಗ ಕಡಿದಾದ ಏರು. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಊರಿನ ಮುಖ್ಯ ಚೌಕ ಪಿಯಾತ್ಸಾ ಮಜ್ಜೋರೆಯಿಂದ ಹೊರಡುವ ಪ್ರವಾಸಿ ಬಂಡಿಯಲ್ಲಿ ಅವರನ್ನು ಹತ್ತಿಸಿ, ಇಳಿಯುವಾಗ ಎಲ್ಲರೂ ಕೂಡಿ ನಡೆದು ಬನ್ನಿ.