ಹಳೇ ಜೀಪಿಗೆ ನಾನೇ ಮಾಡಿದ ಪಿಟಿಒ ಗೇರ್‌ಬಾಕ್ಸ್

ಸಿಜೆ-3ಬಿ ಜೀಪಿನ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಹಿಂದೆ ಒಂದು ಸಣ್ಣ ಮುಚ್ಚಳ ಇದೆ. ಬಹಳಷ್ಟು ಮಾಲೀಕರು ಅದನ್ನು ಬಿಚ್ಚಿಯೇ ಇರುವುದಿಲ್ಲ. ಬಿಚ್ಚಿದರೆ ಗೇರ್‌ಬಾಕ್ಸಿನ ಮೇನ್ ಶಾಫ್ಟ್ ತುದಿ, ಅದರ ನಟ್ಟು, ಕಾಟರ್ ಪಿನ್ನು ಎದುರಿಗೇ ಕಾಣುತ್ತವೆ. ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ಶಾಫ್ಟ್, ಕೂರಿಸುವ ಜಾಗ ಅದೇ. 1945ರಲ್ಲಿ ವಿಲ್ಲಿಸ್‌ನವರು ಸಿಜೆ-2ಎ ತಂದಾಗ, ಹೊಲದಲ್ಲೂ ದುಡಿಯುವ ಗಾಡಿ ಅಂತಲೇ ಅದನ್ನು ಮಾರಿದ್ದರು. ಮಹೀಂದ್ರದವರ ಹಳೇ ಜೀಪುಗಳಿಗೂ ಆ ಅನುಕೂಲ ಹಾಗೇ ಬಂತು.

ನನಗೆ ಬೇಕಿದ್ದದ್ದು ಸ್ಪ್ರಿಂಕ್ಲರ್ ಪಂಪ್ ಓಡಿಸಲು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂ ಅರಳಿಸುವ ನೀರು ಕೊಡಲೇಬೇಕು. ನಮ್ಮ ಕೆರೆಗೆ ಇಳಿಯುವ ದಾರಿ ಕಡಿದು, ಸಾಲದ್ದಕ್ಕೆ ಇಕ್ಕಟ್ಟು. ಅಲ್ಲಿಗೆ ಟ್ರ್ಯಾಕ್ಟರ್ ತಿರುಗುವುದಿಲ್ಲ, ಜೀಪು ಆರಾಮಾಗಿ ಹೋಗುತ್ತದೆ. ಟ್ರ್ಯಾಕ್ಟರಿಗೆ ಹಾಕುವ ಪಿಟಿಒ ಪಂಪ್ ಮನೆಯಲ್ಲೇ ಇತ್ತು. ಬೇರೆ ಡೀಸೆಲ್ ಪಂಪ್‌ಸೆಟ್ ತಂದರೆ ಮುಗಿಯುತ್ತಿತ್ತಲ್ಲ ಅಂತ ಕೇಳಿದವರು ಜಾಸ್ತಿ. ಮುಗಿಯುತ್ತಿತ್ತು, ನಿಜ. ಆದರೆ ಹುಚ್ಚು ಅನ್ನೋದು ಒಂದಿರುತ್ತೆ ಅಲ್ವಾ?

ಕೇಸಿಗೆ ಕೂರುವ ಮುಂದಿನ ಭಾಗ, ಅಂದರೆ ಜಾರುವ ಕಾಲರ್, ಶಾಫ್ಟ್ ಮತ್ತು ಲಿವರ್, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಜೀಪಿನ ಹಿಂತುದಿಯಲ್ಲಿ ಕೂತು ಸ್ಪೀಡ್ ಇಳಿಸುವ ಗೇರ್‌ಬಾಕ್ಸ್ ಮಾತ್ರ ಎಲ್ಲೂ ಸಿಗಲಿಲ್ಲ. ಅದನ್ನು ಮಾಡಿಸಬೇಕಾಯಿತು.

ಸಿಕ್ಕವರೆಲ್ಲ ಕೊಟ್ಟ ಸಲಹೆ ಒಂದೇ: ಎರಡು ಸ್ಪ್ರಾಕೆಟ್, ಒಂದು ಚೈನ್ ಹಾಕಿ ಸ್ಪೀಡ್ ಇಳಿಸಿ. ಅಗ್ಗ, ಸುಲಭ. ಆದರೆ ಅದರಲ್ಲಿ ಒಂದು ತೊಡಕಿದೆ. ಹಿಂದೆ ನಿಂತು ನೋಡಿದರೆ ಟ್ರ್ಯಾಕ್ಟರಿನ ಪಿಟಿಒ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಜೀಪಿನ ಮೇನ್ ಶಾಫ್ಟ್ ಮುಂದಕ್ಕೆ ಓಡಿಸುವ ಗೇರುಗಳಲ್ಲಿ ಅದಕ್ಕೆ ಉಲ್ಟಾ. ಚೈನ್ ಸ್ಪೀಡ್ ಬದಲಿಸುತ್ತದೆ, ದಿಕ್ಕು ಬದಲಿಸುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೆ ನೀರೇನೋ ಬರುತ್ತದೆ, ಸ್ಪ್ರಿಂಕ್ಲರ್ ತಿರುಗಿಸುವಷ್ಟು ಪ್ರೆಶರ್ ಬರುವುದಿಲ್ಲ. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಥ್ರೆಡ್‌ನಲ್ಲಿ ಕೂತಿದ್ದರೆ ಬಿಚ್ಚಿಕೊಳ್ಳಲೂಬಹುದು. ಒಂದಕ್ಕೊಂದು ಕಚ್ಚುವ ಎರಡು ಗೇರ್ ಹಾಕಿದರೆ ಸ್ಪೀಡ್ ಇಳಿಯುತ್ತದೆ, ದಿಕ್ಕೂ ತಿರುಗುತ್ತದೆ. ಹಾಗಾಗಿ ಗೇರೇ ಸರಿ ಅಂತ ಹಠ ಹಿಡಿದೆ.

ಬೇಕಾದದ್ದು ಟ್ರ್ಯಾಕ್ಟರ್ ಪಿಟಿಒದ ಮಾಮೂಲಿ ಸ್ಪೀಡ್, 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು). ಈ ಜೀಪಿನ ಟಿ-90 ಗೇರ್‌ಬಾಕ್ಸಿನಲ್ಲಿ ಸೆಕೆಂಡ್ ಗೇರಿನ ಅನುಪಾತ 1.55. ಎಂಜಿನ್ 1,600ರಲ್ಲಿ ಓಡಿದರೆ ಮೇನ್ ಶಾಫ್ಟ್ ಸುಮಾರು 1,030. ಅಲ್ಲಿಂದ 540ಕ್ಕೆ ಇಳಿಯಲು 20 ಹಲ್ಲಿನ ಗೇರ್ 38 ಹಲ್ಲಿನದನ್ನು ತಿರುಗಿಸಿದರೆ ಸಾಕು. ಹಲ್ಲಿನ ಗಾತ್ರ ಹೇಳುವ ಅಳತೆ, ಅಂದರೆ ಮಾಡ್ಯೂಲ್, 4; ಹಾಗಾಗಿ ಎರಡು ಶಾಫ್ಟಿನ ನಡುವಿನ ಅಂತರ 116 ಮಿ.ಮೀ. ಪಂಪ್ 11 ಕಿಲೋವ್ಯಾಟ್ ಎಳೆದರೂ 540ರಲ್ಲಿ ಟಾರ್ಕ್ 195 ನ್ಯೂಟನ್ ಮೀಟರ್ ಹತ್ತಿರ. ಆ ಗೇರಿಗೆ ಇದೇನು ಭಾರವಲ್ಲ. ಗೇರನ್ನು ಇಎನ್353 ಉಕ್ಕಿನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಡಿಸಿ, ಅಲ್ಲೇ ಕೇಸ್ ಹಾರ್ಡನಿಂಗ್ (ಹೊರಮೈ ಗಟ್ಟಿ ಮಾಡುವುದು) ಮಾಡಿಸಿದೆ. ಮೇಲಿನ ಶಾಫ್ಟಿಗೆ 6207, ಕೆಳಗಿನದಕ್ಕೆ 6308 ಬೇರಿಂಗ್. ಎರಡೂ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಹೊರಗಿನ ತುದಿಗೆ ಟ್ರ್ಯಾಕ್ಟರಿನದ್ದೇ ಅಳತೆ: ಒಂದೂ ಮೂರೆಂಟಾಂಶ ಇಂಚು, ಆರು ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೂ ಇರುವ ಹಲ್ಲು).

ಪೆಟ್ಟಿಗೆಗೆ 12 ಮಿ.ಮೀ. ಎಂಎಸ್ (ಮೆದು ಉಕ್ಕಿನ) ಪ್ಲೇಟ್. ಇಲ್ಲಿ ಒಂದು ವಿಷಯಕ್ಕೆ ಲೇತ್ ಅಂಗಡಿಯವರ ಜೊತೆ ಸ್ವಲ್ಪ ಜಗಳವೇ ಆಯಿತು. ತೂತು ಕೊರೆದುಕೊಂಡು ಆಮೇಲೆ ವೆಲ್ಡ್ ಮಾಡೋಣ ಅಂದರು. ವೆಲ್ಡಿಂಗ್ ಕಾವಿಗೆ ಪ್ಲೇಟ್ ಎಳೆದುಕೊಳ್ಳುತ್ತದೆ. ಆಮೇಲೆ ಎರಡು ಶಾಫ್ಟ್ ಸಮಾನಾಂತರ ಇರುವುದಿಲ್ಲ, ಹಲ್ಲು ಒಂದು ಅಂಚಿನಲ್ಲಷ್ಟೇ ಕಚ್ಚುತ್ತದೆ. ಮೊದಲು ಪೂರ್ತಿ ವೆಲ್ಡ್, ಆಮೇಲೆ ಕಾಯಿಸಿ ನಿಧಾನಕ್ಕೆ ಆರಿಸುವುದು, ಕೊನೆಗೆ ಬೋರಿಂಗ್ ಮಷಿನ್ನಿನಲ್ಲಿ ಎರಡೂ ಗೋಡೆಯ ತೂತನ್ನು ಒಂದೇ ಸೆಟ್ಟಿಂಗ್‌ನಲ್ಲಿ ಕೊರೆಯುವುದು. ಖರ್ಚು ಜಾಸ್ತಿ, ಆದರೆ ಈ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ. ಜೋಡಿಸಿದ ಮೇಲೆ ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ ನೋಡಿದೆ. ಗುರುತು ಹಲ್ಲಿನ ನಡುವೆ ಬಿದ್ದಿತ್ತು. ದೊಡ್ಡ ಗೇರ್ ಕೆಳಗಿದೆ, 90 ನಂಬರ್ ಎಣ್ಣೆಯಲ್ಲಿ ಅದ್ದಿಕೊಂಡೇ ತಿರುಗುತ್ತದೆ. ಮೇಲೊಂದು ಬ್ರೀದರ್ (ಗಾಳಿ ಹೋಗುವ ಕಿಂಡಿ) ಇಡಲೇಬೇಕು. ಇಲ್ಲದಿದ್ದರೆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಆಯಿಲ್ ಸೀಲಿನಿಂದ ಎಣ್ಣೆ ಹೊರಗೆ ತಳ್ಳುತ್ತದೆ.

ಕೂರಿಸುವುದು ಅಷ್ಟು ಕಷ್ಟವಾಗಲಿಲ್ಲ. ಈ ಜೀಪುಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಬಲಕ್ಕೆ ಸರಿದಿರುವುದರಿಂದ ನಡುವೆ ಜಾಗ ಸಿಗುತ್ತದೆ. ಶಾಫ್ಟ್ ಆಕ್ಸಲ್ ಮೇಲೆ ಹಾದು ಹಿಂದಿನ ಕ್ರಾಸ್ ಮೆಂಬರ್‌ಗೆ ಬರುತ್ತದೆ. ಗುಂಡಿಗೆ ಇಳಿದಾಗ ಆಕ್ಸಲ್ ಎಷ್ಟು ಮೇಲೇಳುತ್ತದೆ ಅಂತ ಅಳೆದು ಜಾಗ ಬಿಡಿ. ಎರಡು ತುದಿಯ ಕ್ರಾಸ್ ಜಾಯಿಂಟಿನ ಕವಲುಗಳು ಒಂದೇ ನೇರಕ್ಕಿರಬೇಕು, ಕೋನಗಳೂ ಸಮ ಇರಬೇಕು. ಇಲ್ಲದಿದ್ದರೆ ಇಡೀ ಗಾಡಿ ಗಡಗಡ ನಡುಗುತ್ತದೆ.

ಓಡಿಸುವ ಕ್ರಮ ಹೀಗೆ: ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್, ಕ್ಲಚ್ ಒತ್ತಿ ಪಿಟಿಒ ಲಿವರ್, ಆಮೇಲೆ ಸೆಕೆಂಡ್ ಗೇರ್, ನಂತರ ಹ್ಯಾಂಡ್ ಥ್ರಾಟಲ್. ಚಕ್ರಕ್ಕೆ ಕಲ್ಲು ಕೊಡದೆ ಶುರು ಮಾಡಬೇಡಿ. ಜೀಪಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಹಿಡಿದು 540 ಬರುವ ಜಾಗಕ್ಕೆ ಥ್ರಾಟಲ್ ಮೇಲೆ ಗುರುತು ಹಾಕಿದೆ. ಸದ್ದು ಮಾತ್ರ ಜಾಸ್ತಿ, ನೇರ ಹಲ್ಲಿನ ಗೇರ್ ಕುಂಯ್ ಅನ್ನುತ್ತಲೇ ಇರುತ್ತದೆ.

ನನ್ನ ಜೀಪಿಗೆ ಗವರ್ನರ್ (ಎಂಜಿನ್ ಸ್ಪೀಡನ್ನು ತಾನೇ ಹಿಡಿತದಲ್ಲಿಡುವ ಸಾಧನ) ಇಲ್ಲ. ಪೈಪ್ ಕಳಚಿದರೂ, ಪಂಪ್ ಗಾಳಿ ಎಳೆದರೂ ಲೋಡ್ ಒಮ್ಮೆಲೇ ಹೋಗಿ ಎಂಜಿನ್ ಕಿರುಚುತ್ತದೆ. ಅದಕ್ಕೆ ಪಂಪಿನ ಹೊರಪೈಪಿಗೆ ಒಂದು ಪ್ರೆಶರ್ ಸ್ವಿಚ್ ಹಾಕಿ ಇಗ್ನಿಷನ್ ಕಾಯಿಲಿನ ವೈರನ್ನು ಅದರ ಮೂಲಕ ಒಯ್ದಿದ್ದೇನೆ. ನೀರಿನ ಒತ್ತಡ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಸ್ಟಾರ್ಟ್ ಮಾಡುವಾಗ ಒತ್ತಿ ಹಿಡಿಯಲು ಒಂದು ಬೈಪಾಸ್ ಬಟನ್. ಪಂಪ್ ಬಿಚ್ಚಿಟ್ಟು ರಸ್ತೆಗೆ ಇಳಿಯುವಾಗ ವೈರನ್ನು ಮೊದಲಿನಂತೆ ನೇರ ಜೋಡಿಸಬೇಕು. ಮರೆತರೆ ಬಟನ್ ಬಿಟ್ಟ ಕೂಡಲೇ ಗಾಡಿ ಆಫ್.

ಪಂಪಿಗೆ ಹೋಗುವ ಶಾಫ್ಟಿಗೆ ಪ್ಲಾಸ್ಟಿಕ್ ಗಾರ್ಡ್ ಇದೆ. ಅದಿಲ್ಲದೆ ಲಿವರ್ ಮುಟ್ಟಬಾರದು ಅಂತ ಎಲ್ಲರಿಗೂ ಹೇಳಿದ್ದೇನೆ. ತೋಟದಲ್ಲಿ ಲುಂಗಿ, ಟವೆಲ್ಲು, ಸೀರೆ ಸೆರಗು ಎಲ್ಲ ಓಡಾಡುತ್ತವೆ. 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬಟ್ಟೆ ಸಿಕ್ಕಿದರೆ ಕ್ಲಚ್ ಒತ್ತುವಷ್ಟು ಹೊತ್ತು ಇರುವುದಿಲ್ಲ.